ರಟ್ಟಿನ ಗಾಲಿಕುರ್ಚಿ

ಮನೆಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಇಂಚುಪಟ್ಟಿ ಎಂದೇ. ಚಹಾ ಲೋಟ ಇಡುವುದಕ್ಕೂ ಮೇಜಿನ ಅಂಚಿನಿಂದ ಅಳತೆ ನೋಡುವ ಆಸಾಮಿ. ಬೇರೆಯವರ ಗೆರೆ ಕೂದಲೆಳೆಯಷ್ಟು ಓರೆಯಾದರೂ ಸಾಕು, "ಕಣ್ಣು ಮನೇಲಿ ಬಿಟ್ಟು ಬಂದ್ರಾ?" ಎಂದು ಮೂದಲಿಸುತ್ತಿದ್ದ. ಅಂಥವನ ಕೈಯಲ್ಲೇ ಎಡವಟ್ಟಾಯಿತು ನೋಡಿ, ಅದೂ ಒಡಹುಟ್ಟಿದ ಅಕ್ಕನ ಮನೆಯಲ್ಲಿ.

ಅಕ್ಕ ಮೆಟ್ಟಿಲಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಆಸ್ಪತ್ರೆಯಲ್ಲಿ ಅವಳು ತಮ್ಮನನ್ನು ಕೇಳಿಕೊಂಡಿದ್ದು ಒಂದೇ ಮಾತು.

"ಬಚ್ಚಲಿಗೆ ಮಾತ್ರ ನನ್ನ ಪಾಡಿಗೆ ನಾನು ಹೋಗೋ ಹಾಗೆ ಮಾಡಿಕೊಡೋ. ಯಾರ ಕೈಲಾದ್ರೂ ಎತ್ತಿಸ್ಕೊಂಡು ಹೋಗೋದಂದ್ರೆ ಜೀವ ಹಿಡಿಯಾಗುತ್ತೆ."

"ಅಷ್ಟೇ ತಾನೆ? ನಾನಿಲ್ವಾ ಅಕ್ಕ!"

ಅವಳ ಕೋಣೆಗೆ ಅಂಟಿಕೊಂಡಂತೆ ಹೊಸ ಬಚ್ಚಲಿನ ನಕ್ಷೆ ಬರೆದ. ಒಂದಕ್ಕೆ ಐವತ್ತರ ಅಳತೆ. ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ಅಂದರೆ ಮನೆಯಲ್ಲಿ ಅರ್ಧ ಮೀಟರ್. ಕುರ್ಚಿ, ಮಂಚಗಳನ್ನು ಅದೇ ಅಳತೆಗೆ ರಟ್ಟಿನಲ್ಲಿ ಕತ್ತರಿಸಿ, ಹಾಳೆಯ ಮೇಲೆ ಬೆರಳಲ್ಲಿ ತಳ್ಳಿ ನೋಡುವುದು ಅವನ ಪದ್ಧತಿ. ಹಿಂದೊಮ್ಮೆ ಯಾವುದೋ ಆಸ್ಪತ್ರೆಯ ನಕ್ಷೆಗೆಂದು ಕತ್ತರಿಸಿದ್ದ ಗಾಲಿಕುರ್ಚಿ ಡ್ರಾಯರಿನಲ್ಲೇ ಸಿಕ್ಕಿತು. ತಳ್ಳಿದ. ಸಲೀಸಾಗಿ ಬಾಗಿಲು ದಾಟಿತು, ಒಳಗೆ ಒಂದು ಸುತ್ತೂ ಹಾಕಿತು. ಜಾಗ ಬೇರೆ ಇಕ್ಕಟ್ಟು, ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿದ. ಆಗಲೂ ದಾಟಿತು! ಮೇಸ್ತ್ರಿ ಹಾಳೆಯಲ್ಲಿದ್ದಂತೆಯೇ ಕಟ್ಟಿಕೊಟ್ಟ.

ಅಕ್ಕ ಮನೆಗೆ ಬಂದವಳೇ ಹುರುಪಿನಿಂದ ಬಚ್ಚಲ ಕಡೆ ಗಾಲಿ ತಿರುಗಿಸಿದಳು. ಢಬ್! ಗಾಲಿಗಳೆರಡೂ ಬಾಗಿಲ ಚೌಕಟ್ಟಿಗೆ ಬಡಿದು ನಿಂತವು. ಹಿಂದೆ ಸರಿದು ಮತ್ತೆ ತಳ್ಳಿದಳು. ಊಹೂಂ.

ಅವನಿಗೆ ತಟ್ಟನೆ ಡ್ರಾಯರಿನ ಆ ರಟ್ಟಿನ ಕುರ್ಚಿ ನೆನಪಾಯಿತು. ಆ ಆಸ್ಪತ್ರೆಯ ನಕ್ಷೆ ಒಂದಕ್ಕೆ ನೂರರದು! ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ಇಡೀ ಒಂದು ಮೀಟರ್. ಅಕ್ಕನ ಹಾಳೆಯ ಮೇಲೆ ಅವನು ಓಡಾಡಿಸಿದ್ದು ಅರ್ಧ ಗಾತ್ರದ ಕುರ್ಚಿ, ಗೊಂಬೆ ಕೂರುವಂಥದ್ದು. ರಟ್ಟಿಗೆ ಒಮ್ಮೆ ಪಟ್ಟಿ ಹಿಡಿದು ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

"ಆ ಮೇಸ್ತ್ರಿ ಅಳತೆ ಕೆಡಿಸಿದಾನೆ! ಬರಲಿ, ಗ್ರಹಚಾರ ಬಿಡಿಸ್ತೀನಿ!" ಸೊಂಟನೋವಿನ ಭಾವ ಗೋಡೆ ಹಿಡಿದುಕೊಂಡೇ ಹಾರಾಡಿದರು. ಇವನು ತುಟಿಪಿಟಿಕ್ಕೆನ್ನಲಿಲ್ಲ. ಥೂ, ಆ ಹೊತ್ತಿಗೆ ಅದು ಹಿತವಾಗಿಯೂ ಇತ್ತು.

"ಪಾಪ, ಅವನನ್ನ್ಯಾಕೆ ಬೈತೀರಿ?" ಎಂದಳು ಅಕ್ಕ. "ನಾನೇ ಮಲಗಿ ಮಲಗಿ ಊದಿಕೊಂಡಿದೀನಿ. ಅದಕ್ಕೇ ಆಸ್ಪತ್ರೆಯೋರು ಅಗಲದ ಕುರ್ಚಿ ಕೊಟ್ಟಿರ್ಬೇಕು. ನನ್ನ ತಮ್ಮನ ಲೆಕ್ಕ ತಪ್ಪಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಇದನ್ನು ತಡೆಯಲಾಗಲಿಲ್ಲ.

"ತಪ್ಪಿದ್ದು ನಾನೇ ಅಕ್ಕ. ಎರಡು ನಕ್ಷೆ ಅಳತೆ ಕಲಸಿಬಿಟ್ಟೆ. ಮೇಸ್ತ್ರೀದೂ ತಪ್ಪಿಲ್ಲ, ನೀನೂ ಊದಿಲ್ಲ. ನಾಳೆನೇ ಗೋಡೆ ಒಡೆಸ್ತೀನಿ."

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿ ಅಂದಳು: "ನಾಳೆ ಒಡೆಸೋವಂತೆ ಕಣೋ. ನನಗೆ ಈಗ ಹೋಗ್ಬೇಕು."

ಅವನು ಬಗ್ಗಿ ಅವಳನ್ನು ಎತ್ತಿಕೊಂಡ. ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಬಾಗಿಲು ದಾಟಿದ ಮೇಲೂ ತೆರೆಯಲಿಲ್ಲ.