ಹಚ್ಚದ ಬಿಳಿ

ಪ್ರಮಿಳಾ ಟೀಚರ ಬಣ್ಣದ ಡಬ್ಬಿಯಲ್ಲಿ ಬಿಳಿ ಇಲ್ಲ. ಕಪ್ಪೂ ಇಲ್ಲ. ಕಪ್ಪು ಬೇಕಾದರೆ ನೀಲಿಗೆ ಕಂದು ಕೂಡಿಸಿ ಮಾಡಿಕೊಳ್ಳುತ್ತಾರೆ. ಬಿಳಿಯನ್ನು ಮಾತ್ರ ಮಾಡಲು ಬರುವುದಿಲ್ಲ, ಉಳಿಸಿಕೊಳ್ಳಬೇಕು ಎನ್ನುತ್ತಾರೆ. ಕಾಗದವೇ ಬೆಳ್ಳಗಿರುವಾಗ ಅದರ ಮೇಲೆ ಬಿಳಿ ಹಚ್ಚುವುದು ಅನ್ನದ ಮೇಲೆ ಅಕ್ಕಿ ಸುರಿದಂತೆ ಎಂಬುದು ಅವರ ವಾದ. ಜಲವರ್ಣದವರಲ್ಲಿ ಇಂಥ ಹಟದವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರಂತೆ. ಇವರಷ್ಟು ಹಟದವರನ್ನು ನಾನಂತೂ ಕಂಡಿಲ್ಲ.

ನಾನು ನಾಗಲಿಂಗ. ಖಾಸಬಾಗದಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡ್ ಬರೆದೆ. ಫ್ಲೆಕ್ಸ್ ಬಂದು ಕೈಯಿಂದ ಕುಂಚ ಕಿತ್ತುಕೊಂಡಿತು. ಆದರೂ ಕೈಗೆ ಕುಂಚದ ಚಟ ಹೋಗಿರಲಿಲ್ಲ. ಅದೇ ಚಟ ಮುಂದೆ ನನ್ನ ಮಾನ ಕಳೆಯಿತು.

ಟೀಚರದು ಲೋಂಡಾ ಕಾಡಿನ ಅಂಚಿನಲ್ಲಿ ಎಮ್ಮೆ ಕಾಯುತ್ತಿದ್ದ ಮನೆತನ. ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ ಸೋದರಮಾವನಿಗೆ, ಮದುವೆಯಾದರೆ ತುಂಬುತ್ತದೆಯೇ ಎಂದು ತಿರುಗಿ ಕೇಳಿದವರು. ಮದುವೆಯಾಗಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದರು. ಹೊಟ್ಟೆಗೇನೂ ಕೊರತೆಯಾಗಲಿಲ್ಲ.

ಅವರ ನೇಮನಿಷ್ಠೆಗಳ ಮುಂದೆ ಮಠದ ನೇಮವೂ ಸಡಿಲವೇ. ಬರೆಯುವುದು ಬೆಳಗ್ಗೆ ಹತ್ತರೊಳಗೆ. ಕೂರುವುದು ನೆಲದ ಮೇಲೆ, ಹಲಗೆಯ ತಲೆ ಎತ್ತರಿಸಲು ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನೇ ತಿರುವಿ ಹಾಕಿಕೊಂಡು. ನೀರಿಗೆ ಎರಡು ಚರಿಗೆ: ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲೆಸಲು. ಎರಡೂ ಅದಲುಬದಲಾದರೆ ಆ ದಿನದ ಕೆಲಸ ಮುಗಿಯಿತು. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡುತ್ತಾರೆ. ವಿಷ ಅದು ಎಂದು ಎಚ್ಚರಿಸಿದವರಿಗೆ, ಇಷ್ಟು ವರ್ಷ ತಿಂದಿದ್ದೇನೆ, ಬೇಕಾದರೆ ನೀವೇ ಮೊದಲು ಸಾಯಿರಿ ಎಂದರು. ಮೊದಲ ಬಣ್ಣ ಹಸಿ ಇರುವಾಗ ಮನೆಯಲ್ಲಿ ಯಾರೂ ಮಾತಾಡಕೂಡದು. ಫೋಟೋ ನೋಡಿಕೊಂಡು ಮುಖ ಬರೆಯುವುದಂತೂ ಸತ್ತರೂ ಇಲ್ಲ, ಫೋಟೋ ಉಸಿರಾಡುವುದಿಲ್ಲವಂತೆ. ಇಷ್ಟೆಲ್ಲ ಮಾಡಿಯೂ ಮನುಷ್ಯರ ಮುಖ ತಮಗೆ ಒಂದೂ ಸರಿಯಾಗಿ ಬಂದಿಲ್ಲ ಎಂಬ ಕೊರಗು ಅವರಿಗಿತ್ತು. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದರು.

ಕೊನೆಗೆ ಒಂದು ಬಂತು. ಸಾಗವಾನಿ ವ್ಯಾಪಾರದ ಬಾಳಾಸಾಹೇಬರು ಸದಾಶಿವನಗರದಲ್ಲಿ ಹೊಸ ಮನೆ ಕಟ್ಟಿಸಿ, ಪಡಸಾಲೆಗೆ ತಾಯಿ ಬಸವಣ್ಣೆವ್ವನ ಚಿತ್ರ ಬೇಕೆಂದರು. ಫೋಟೋ ಕಳಿಸಿದರೆ ಟೀಚರು ಮರಳಿ ಕಳಿಸಿದರು. ಆಮೇಲೆ ತಾವೇ ಬಸ್ಸು ಹತ್ತಿ ನಾಲ್ಕು ಬೆಳಗು ಖಾನಾಪುರದ ಅವರ ಹಳೆ ಮನೆಗೆ ಹೋಗಿ, ಎಂಬತ್ತಾರರ ಆ ಮುದುಕಿಯನ್ನು ಕಿಟಕಿಯ ಬದಿ ಕೂರಿಸಿ ಬರೆದು ಬಂದರು. ಎಂಟು ದಿನ ಗೋಡೆಗೆ ಒರಗಿಸಿ ನೋಡಿದ ಮೇಲೆಯೇ ಪೆನ್ಸಿಲಿನಿಂದ ಹೆಸರು ಬರೆದರು. ಅದನ್ನು ನನ್ನ ಅಂಗಡಿಗೆ ತಂದ ದಿನ, ನಾಗಲಿಂಗಪ್ಪಾ, ಈ ಜನ್ಮಕ್ಕೆ ಇದೊಂದು ಸಾಕು ಎಂದರು. ನಾನೂ ನೋಡಿದೆ. ಮುದುಕಿ ಈಗ ಬಾಯಿ ತೆರೆದು ಏನೋ ಬೈಯುತ್ತಾಳೆ ಅನ್ನಿಸಿತು. ನೆರೆತ ಕೂದಲು, ಸೀರೆಯ ಸೆರಗಿನ ಮಡಿಕೆ, ಹಣೆಯ ವಿಭೂತಿ ಮೂರೂ ಬರಿ ಕಾಗದವೇ. ಅಲ್ಲೆಲ್ಲ ಕುಂಚ ಮುಟ್ಟಿಯೇ ಇರಲಿಲ್ಲ.

ವಾಸ್ತುಶಾಂತಿಯ ಹಿಂದಿನ ದಿನ ಬಾಳಾಸಾಹೇಬರು ಅಂಗಡಿಗೆ ಬಂದರು. ಗಾಜು ಇನ್ನೂ ಕೂರಿಸಿರಲಿಲ್ಲ. ಚಿತ್ರವನ್ನು ಹತ್ತಿರದಿಂದ ನೋಡಿ, ಹಣೆಯ ವಿಭೂತಿಗೆ ಬಣ್ಣ ಹಚ್ಚುವುದನ್ನೇ ಮರೆತಿದ್ದಾರಲ್ಲ, ನಾಳೆ ಸ್ವಾಮಿಗಳು ಬಂದು ಅವ್ವನ ಹಣೆ ಬರಿದು ಕಂಡರೆ ಏನಂದುಕೊಂಡಾರು ಎಂದು ಕಳವಳಪಟ್ಟರು. ಟೀಚರಿಗೆ ಹೇಳಿದರೆ ಎರಡು ತಾಸು ಭಾಷಣವಾಗುತ್ತದೆ, ನೀನೇ ಮೂರು ಗೆರೆ ಎಳೆದುಬಿಡು ಎಂದರು. ನನಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಕೇಳಿದ್ದೆ ಆ ಭಾಷಣ. ಆದರೂ ದೊಡ್ಡ ಮನುಷ್ಯರ ಮಾತು, ಮೇಲೆ ಕೈಯ ತುರಿಕೆ. ಪೋಸ್ಟರ್ ಬಣ್ಣದ ಬಿಳಿ ತೆಗೆದು ಮೂರು ಗೆರೆ ಎಳೆದೆ. ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ಬಾಳಾಸಾಹೇಬರು ಭೇಷ್ ಎಂದರು, ನಾನು ಉಬ್ಬಿದೆ.

ಮರುದಿನ ಸದಾಶಿವನಗರದ ಪಡಸಾಲೆ ಮಂದಿಯಿಂದ ತುಂಬಿತ್ತು. ಬಸವಣ್ಣೆವ್ವ ದಿಂಬುಗಳ ನಡುವೆ ಕುರ್ಚಿಯಲ್ಲಿದ್ದಳು; ಚಿತ್ರ ಮುಗಿದ ವಾರಕ್ಕೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ಅರ್ಧ ತಾಸಿಗಿಂತ ಹೆಚ್ಚು ಕೂರಲಾರದವಳಾಗಿದ್ದಳು. ಟೀಚರು ಬಂದರು. ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟವರು ಚಿತ್ರ ಕಂಡು ಅಲ್ಲೇ ನಿಂತರು. ಯಾರು ಹಚ್ಚಿದ್ದು ಎಂದು ಕೇಳಿದರು. ಬಾಳಾಸಾಹೇಬರು ಪಂಖಾ ನೋಡತೊಡಗಿದರು. ನಾನೇ ಎಂದು ಒಪ್ಪಿಕೊಂಡೆ.

“ನಾಗಲಿಂಗಪ್ಪಾ, ಒಂದ ಕಡೆ ಬಿಳಿ ಹಚ್ಚಿದಿ. ನಾ ಬಿಟ್ಟ ಬಿಳಿ ಎಲ್ಲಾ ಹೊಲಸಾತು.”

ಆಗ ನೋಡಿದೆ ನಾನು. ನನ್ನ ಮೂರು ಗೆರೆ ಸುಣ್ಣ ಬಳಿದಂತೆ ಹೊಳೆಯುತ್ತಿದ್ದವು, ಅವುಗಳ ಬಾಜು ಮುದುಕಿಯ ಕೂದಲು, ಸೆರಗು ಎಲ್ಲ ಹಳದಿಗಟ್ಟಿ ಮಾಸಿದಂತೆ ಕಾಣುತ್ತಿದ್ದವು. ಮುಖದ ಜೀವವೇ ಹೋಗಿತ್ತು. ಇಡೀ ದಿನ ಅಂಗಡಿಯಲ್ಲಿ ಕಣ್ಣೆದುರು ಇಟ್ಟುಕೊಂಡೂ ಅದು ನನಗೆ ಕಂಡಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಕಟ್ಟು ಬಿಚ್ಚು, ನೀರು ತರಿಸು ಎಂದರು ಟೀಚರು. ಒದ್ದೆ ಕುಂಚದಿಂದ ಆ ಬಿಳಿಯನ್ನು ಎತ್ತಿ ತೆಗೆಯುವುದಾಗಿ ಹೇಳಿದರು. ಬಾಳಾಸಾಹೇಬರು ಗಾಬರಿಯಾದರು. ನೀರು ಹರಿದರೆ ಹುಬ್ಬು, ಕಣ್ಣು ಎಲ್ಲ ಕಲಸಿಹೋಗುತ್ತದೆ, ಇನ್ನೊಂದು ಬರೆಸೋಣವೆಂದರೆ ಅವ್ವ ಇನ್ನು ಕೂರಲಾರಳು, ಇದ್ದ ಹಾಗೆ ಇರಲಿ, ಎಲ್ಲರಿಗೂ ಮೆಚ್ಚಿಗೆಯಾಗಿದೆ ಎಂದು ಕೈಮುಗಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಟೀಚರಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು.

“ಕೆಟ್ರ ನನ್ನ ಕೈಯಾಗ ಕೆಡ್ಲಿ ಬಿಡ್ರಿ” ಎಂದರು. “ಮಂದಿ ಕೈಯಾಗ ಚಂದ ಆಗೂದು ಬ್ಯಾಡ. ಕೆಳಗ ನನ್ನ ಹೆಸರ ಐತಿ.”

ಆಮೇಲೆ ಮಗನನ್ನು ಬಿಟ್ಟು ತಾಯಿಯ ಕಡೆ ತಿರುಗಿ, ತೊಳೆಯಲೇ ಎಂದು ಕೇಳಿದರು. ಬಸವಣ್ಣೆವ್ವ ನಕ್ಕಳು.

“ತೊಳಿ ಯವ್ವಾ. ದಿನಾ ಮುಂಜಾನೆ ಹಣಿ ತೊಳಕೊಂಡ ಅಲ್ಲೇನ ನಾ ಹಚ್ಕೊಳ್ಳೂದು?”

ಟೀಚರು ನೆಲಕ್ಕೆ ಕೂತರು. ಊಟಕ್ಕೆ ಎದ್ದವರೂ ಸುತ್ತ ನಿಂತರು. ತಮ್ಮ ಚೀಲದಲ್ಲಿದ್ದ ಕುಂಚವನ್ನು ಒದ್ದೆ ಮಾಡಿ ಒಂದೊಂದೇ ಗೆರೆ ನೆನೆಸಿ, ಹಳೆ ಧೋತರದ ಅರಿವೆಯಿಂದ ಒತ್ತಿ ಒತ್ತಿ ತೆಗೆದರು. ಎರಡು ಗೆರೆ ಸುಸೂತ್ರ ಬಂದವು. ಮೂರನೆಯದರಲ್ಲಿ ಒಂದು ಹನಿ ಜಾರಿತು. ಹುಬ್ಬಿನ ಕಂದು ಬಣ್ಣ ಹೊತ್ತುಕೊಂಡು ಕಪಾಳದ ಮೇಲೆ ಇಳಿಯಿತು. ಯಾರೋ ಅಯ್ಯೋ ಎಂದರು. ಟೀಚರು ಅರಿವೆ ಒತ್ತಿ ಹಿಡಿದು ನಿಲ್ಲಿಸಿದರು. ಅರಿವೆ ಎತ್ತಿದಾಗ ಹುಬ್ಬಿನಿಂದ ಕಿವಿಯವರೆಗೆ ತೆಳು ಕಲೆಯೊಂದು ಉಳಿದಿತ್ತು. ಆದರೆ ಹಣೆಯಲ್ಲಿ ಕಾಗದ ಮರಳಿ ಬಂದಿತ್ತು, ಅದರೊಂದಿಗೆ ಕೂದಲು, ಸೆರಗು, ಬೈಯಲು ಸಿದ್ಧವಾದ ಆ ಬಾಯಿ. ನನಗೆ ಕಣ್ಣಲ್ಲಿ ನೀರು ಬಂತು, ಮುಚ್ಚುಮರೆ ಏಕೆ.

ಕಲೆ ಮುಚ್ಚಲು ಬರುವುದಿಲ್ಲವೇ ಎಂದು ಬಾಳಾಸಾಹೇಬರು ಮೆಲ್ಲಗೆ ಕೇಳಿದರು. ಬರುತ್ತದೆ, ಮುಚ್ಚುವುದಿಲ್ಲ ಎಂದರು ಟೀಚರು. ಪೆನ್ಸಿಲ್ ತೆಗೆದು ತಮ್ಮ ಹೆಸರಿನ ಕೆಳಗೆ ಅಂದಿನ ತಾರೀಖು ಬರೆದರು. ಬೇಕಾದರೆ ತೂಗುಹಾಕಿ, ಬೇಡವಾದರೆ ನಾನು ಒಯ್ಯುತ್ತೇನೆ ಎಂದು ಎದ್ದು ನಿಂತರು. ಮಗ ಬಾಯಿ ತೆರೆಯುವ ಮೊದಲೇ ಬಸವಣ್ಣೆವ್ವ ಗೋಡೆಯ ಕಡೆ ಬೆರಳು ತೋರಿಸಿದಳು. ಅದು ಈಗಲೂ ಅಲ್ಲೇ ಇದೆ.

ನನಗೆ ಟೀಚರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಚಿತ್ರಗಳನ್ನು ಮೊದಲಿನಂತೆ ನನ್ನಲ್ಲಿಗೇ ತರುತ್ತಾರೆ. ಆದರೆ ಈಗ ಬಿಟ್ಟು ಹೋಗುವುದಿಲ್ಲ. ಎದುರಿಗೆ ಸ್ಟೂಲು ಹಾಕಿಕೊಂಡು, ಗಾಜು ಕೂತು ಹಿಂದಿನ ರಟ್ಟಿಗೆ ಕೊನೆಯ ಮೊಳೆ ಬೀಳುವವರೆಗೆ ನನ್ನ ಕೈಯನ್ನೇ ನೋಡುತ್ತ ಕೂರುತ್ತಾರೆ. ಮೊನ್ನೆ ಚಹಾ ತರಿಸಿಕೊಟ್ಟು, ಟೀಚರ್, ಇನ್ನಾದರೂ ನನ್ನನ್ನು ನಂಬಿ ಮನೆಗೆ ಹೋಗಬಾರದೇ ಎಂದು ಕೇಳಿದೆ. ಅವರು ಚಹಾ ಪೂರ್ತಿ ಕುಡಿದು ಕಪ್ ಕೆಳಗಿಟ್ಟರು.

“ಚಹಾ ಚಲೋ ಐತಿ” ಎಂದರು. “ಮೊಳಿ ಹೊಡಿ.”