ಕೆಂಪು ನೂಲಿನ ಪೊಟ್ಟಣ

ಮೊನ್ನೆ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದರೆ ಬೀಡಿ ಎಲೆಯ ವಾಸನೆ. ನಲವತ್ತು ವರ್ಷವಾದರೂ ಹೋಗಿಲ್ಲ. "ಅತ್ತೆ, ಎಂತ ಕಮಟು! ಬಿಸಾಡಿ ಅದನ್ನು," ಎಂದಳು ಸೊಸೆ. ಬಿಸಾಡಲಿಲ್ಲ. ಅದು ಆಚೆಮನೆಯವಳದ್ದು.

ಆಗ ನಾವು ಬೆಳ್ಮಣ್ಣಿನ ಹತ್ತಿರ ಇದ್ದೆವು. ನಮ್ಮ ಜಗಲಿಯಲ್ಲಿ ನಾಲ್ಕು ಹೆಂಗಸರು ಕೂತು ಬೀಡಿ ಕಟ್ಟುತ್ತಿದ್ದೆವು. ಆಚೆಮನೆಯವಳೂ ಒಬ್ಬಳು. ಅವಳಿಗೆ ಸಣ್ಣಂದಿನಿಂದಲೇ ಫಿಟ್ಸ್. ಬಿದ್ದರೆ ಕೈಗೆ ಬೀಗದ ಕೈ ಕೊಡುತ್ತಿದ್ದೆವು. ಅದರಿಂದ ಏನೂ ಆಗುವುದಿಲ್ಲ ಎಂದು ಈಗ ಗೊತ್ತು. ಮಾತ್ರೆ ಇತ್ತು, ಆದರೆ ನುಂಗಿದರೆ ನಿದ್ದೆ. ಕತ್ತರಿ ಕೈಯಲ್ಲಿದ್ದ ಹಾಗೆಯೇ ತೂಕಡಿಸುತ್ತಿದ್ದಳು. ಸೊಟ್ಟ ಎಲೆಯ ಬೀಡಿಯನ್ನು, ಎಲೆ ಕೊಟ್ಟು ಬೀಡಿ ತಕ್ಕೊಳ್ಳುವ ಬ್ರಾಂಚಿನವರು ವಾಪಸು ಎಸೆಯುತ್ತಿದ್ದರು. ಗಂಡ ಬಿಟ್ಟು ಹೋಗಿದ್ದ, ಮನೆಯಲ್ಲಿ ಮಾತಾಡಲು ಜನ ಇರಲಿಲ್ಲ.

"ಅಕ್ಕ, ನಿಮ್ಮೊಟ್ಟಿಗೆ ಕೂತರೂ ನಾನು ಇಲ್ಲಿಲ್ಲ. ನನಗೆ ಎಚ್ಚರ ಬೇಕು," ಎಂದಳು ಒಮ್ಮೆ.

ನಾನೇ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಬೇರೆ ಮಾತ್ರೆ ಬರೆದರು. ಹಳೆಯದನ್ನು ಸ್ವಲ್ಪಸ್ವಲ್ಪವೇ ಕಮ್ಮಿ ಮಾಡಿ, ಹೊಸದನ್ನು ಒಂದು ದಿನವೂ ತಪ್ಪಿಸಬೇಡಿ, ಏನೇ ತೊಂದರೆಯಾದರೂ ಇಲ್ಲಿಗೆ ಬನ್ನಿ, ನೀವಾಗಿ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಎರಡೆರಡು ಸಲ ಹೇಳಿದರು. ಅವಳಿಗೆ ಓದು ಬಾರದು, ನನ್ನದು ಎರಡನೇ ಕ್ಲಾಸು. ದಿನದಿನದ ಮಾತ್ರೆಯನ್ನು ಬೀಡಿ ಎಲೆಯ ಚೂರಿನಲ್ಲಿ ಮಡಚಿ, ಹಳೆಯದಕ್ಕೆ ಬಿಳಿ ನೂಲು, ಹೊಸದಕ್ಕೆ ಬೀಡಿಯ ಕೆಂಪು ನೂಲು ಸುತ್ತಿ ಕೊಟ್ಟೆ. ಪ್ರತಿ ಸೋಮವಾರ ವಾರದ್ದು ಡಬ್ಬಿಗೆ ತುಂಬಿಸುತ್ತಿದ್ದೆ. ಬಿಳಿ ನೂಲು ಮುಗಿಯುವಷ್ಟರಲ್ಲಿ ಅವಳು ಎಚ್ಚರವಾಗಿದ್ದಳು. ಎಷ್ಟು ಮಾತು! ಅಷ್ಟೂ ವರ್ಷದ್ದು ಒಟ್ಟಿಗೆ...

ಆಮೇಲೆ ಹೊಸ ಮಾತ್ರೆಗೆ ವಸಡು ಬಾತಿತು. ನಗುವಾಗ ಸೆರಗು ಅಡ್ಡ ಹಿಡಿಯತೊಡಗಿದಳು. ನಡೆದರೆ ತೂರಾಟ. ಮಣಿಪಾಲಕ್ಕೆ ಹೋಗುವ ಎಂದರೆ, "ನಾಟಿ ಮುಗಿಯಲಿ ಅಕ್ಕ," ಎಂದಳು.

ಒಂದು ಮಂಗಳವಾರ ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ಓಲಾಡುತ್ತ ಬಂದಳು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಎಂತ ಮಾರಾಯ್ತಿ, ಇಷ್ಟು ಬೇಗ ಶೇಂದಿ ಗಡಂಗು ತೆರೆದಿತ್ತಾ?"

ಜಗಲಿಯೇ ನಕ್ಕಿತು. ಅವಳೂ ನಕ್ಕಳು, ಸೆರಗು ಹಿಡಿದು. "ನಿಮಗೆ ಉಳಿಸಲಿಲ್ಲ ಅಕ್ಕ," ಎಂದಳು. ಆಮೇಲೆ ಇಡೀ ದಿನ ಮಾತಿಲ್ಲ. ನಾನು ಕಂಡೆ. ಕಂಡೂ ಸುಮ್ಮನಿದ್ದೆ. ತಮಾಷೆ ಮಾಡಿ ಗೊತ್ತಿತ್ತು, ತಪ್ಪಾಯಿತು ಎಂದು ಹೇಳಿ ಗೊತ್ತಿರಲಿಲ್ಲ.

ಶನಿವಾರ ನೆಟ್ಟಗೆ ನಡೆದು ಬಂದಳು. ಮದ್ದು ಮೈಗೆ ಒಗ್ಗಿತು ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಅದೇ ಬದುವಿನಲ್ಲಿ ಫಿಟ್ಸ್ ಬಂದು ಕವುಚಿ ಬಿದ್ದಳು. ಗದ್ದೆಯಲ್ಲಿ ಗೇಣುದ್ದ ನೀರು. ಅಷ್ಟೇ ಸಾಕಾಯಿತು.

ಅವಳ ಡಬ್ಬಿ ನಾನು ತಂದೆ. ಕೆಂಪು ನೂಲಿನ ಪೊಟ್ಟಣ ಐದು ಉಳಿದಿತ್ತು. ಬುಧವಾರದಿಂದ ಒಂದನ್ನೂ ಬಿಚ್ಚಿರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿಲ್ಲ. ಜಗಲಿಯವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಬಿ.ಪಿ. ಮಾತ್ರೆ ಬದಲಿಸಿದ ಮೇಲೆ ನನಗೂ ತಲೆ ತಿರುಗುತ್ತದೆ, ಗೋಡೆ ಹಿಡಿದು ನಡೆಯುತ್ತೇನೆ. ಮನೆಯವರು "ಮೆಲ್ಲ, ಮೆಲ್ಲ" ಎನ್ನುತ್ತಾರೆ. ಗಡಂಗಿನ ಮಾತು ಯಾರೂ ಎತ್ತುವುದಿಲ್ಲ.

ಡಬ್ಬಿಯನ್ನು ಅಟ್ಟಕ್ಕೆ ಹಾಕದೆ ತಲೆದೆಸೆಯಲ್ಲಿ ಇಟ್ಟುಕೊಂಡಿದ್ದೇನೆ. ಎಲೆ ಮುಟ್ಟಿದರೆ ಪುಡಿ. ನಾನು ಹಾಕಿದ ಗಂಟು ಮಾತ್ರ ಐದೂ ಬಿಗಿಯಾಗಿಯೇ ಉಂಟು.