ಫ್ಲಾಪಿಗೆ ಅರಗಿನ ಮುದ್ರೆ

ನಮ್ಮ ಅಂಧೇರಿ ಆಫೀಸಿನಲ್ಲಿ ಜಪ್ತಿ ಮಾಡಲು ಬಂದಿದ್ದ ಹವಾಲ್ದಾರರು ವಿಜಾಪುರದ ಕಡೆಯವರು. ಯಾವ ವಸ್ತು ಕೈಗೆ ಸಿಕ್ಕರೂ ಮೊದಲು ಮೂಸಿ ನೋಡುತ್ತಿದ್ದರು, ಆಮೇಲೆ "ಕಾಯ್ದೆ ಅಂದ್ರ ಕಾಯ್ದೆ" ಎನ್ನುತ್ತಿದ್ದರು. ಕೀಬೋರ್ಡನ್ನೂ ಮೂಸಿದರು.

ಯಾರೋ ಆಫೀಸಿನ ಕಂಪ್ಯೂಟರಿನಲ್ಲಿ ನಮ್ಮ ಮಾಲೀಕ ಸೇಠರನ್ನು ಬೈದು ಪತ್ರ ಟೈಪ್ ಮಾಡಿ, ಗಿರಾಕಿಗಳಿಗೆಲ್ಲ ಕಳಿಸಿದ್ದರು; ಅದಕ್ಕೇ ಸೇಠರು ಪೊಲೀಸರಿಗೆ ದೂರು ಕೊಟ್ಟಿದ್ದರು. ಪತ್ರ ಬರೆದವನು ನಾನಲ್ಲ. ಆದರೆ ನನ್ನ ಫ್ಲಾಪಿಯಲ್ಲಿ ಕಾಂದಿವಲಿಯ ಇನ್ನೊಂದು ಕಂಪನಿಗೆ ಬರೆದ ಅರ್ಜಿ ಇತ್ತು. ನಮ್ಮ ಮನೆತನಕ್ಕೆಲ್ಲ ಮೊದಲ ಪದವೀಧರ ನಾನು, ಚಾಳಿನ ದೀಪದಲ್ಲಿ ಓದಿ ಬಿ.ಕಾಂ. ಮಾಡಿದವನು. ಸೇಠರು ಆ ಅರ್ಜಿ ಓದಿದರೆ ಅಂದೇ ನನ್ನ ನೌಕರಿ ಹೋಗುತ್ತಿತ್ತು.

"ಸಾಹೇಬ್ರ, ಅದರಾಗ ನನ್ನ ಖಾಸಗಿ ಕಾಗದ ಐತ್ರಿ" ಎಂದು, ಅವರು ನನ್ನ ಫ್ಲಾಪಿ ಮೂಸುತ್ತಿದ್ದಾಗ ಮೆಲ್ಲಗೆ ಹೇಳಿದೆ.

"ಪ್ರೇಮಪತ್ರ ಏನೋ ತಮ್ಮಾ?"

"ಅಲ್ಲರೀ, ಬ್ಯಾರೆ ಕಡೆ ನೌಕರಿಗೆ ಅರ್ಜಿ."

"ಅಯ್ಯ, ಅದು ಪ್ರೇಮಪತ್ರಕ್ಕಿಂತ ಡೇಂಜರ್ ಅಲ್ಲೋ!"

ಅಷ್ಟರಲ್ಲಿ ಸೇಠರು, "ಅಭೀ ಖೋಲೋ, ಮೈ ದೇಖೂಂಗಾ" ಎಂದು ಫ್ಲಾಪಿಯನ್ನು ಆಗಲೇ ತೆರೆದು ನೋಡಲು ಕೈ ಚಾಚಿದರು.

"ಪಹಲೇ ಸೀಲ್, ಸೇಠ್. ಕಾಯ್ದೆ ಅಂದ್ರ ಕಾಯ್ದೆ."

ಜಪ್ತಿಯಾದ ಮಾಲಿಗೆಲ್ಲ ಅರಗಿನ ಮುದ್ರೆ ಬೀಳಲೇಬೇಕು. ಹವಾಲ್ದಾರರು ಮೇಣದಬತ್ತಿಯಲ್ಲಿ ಅರಗು ಕರಗಿಸಿ, ಫ್ಲಾಪಿಯ ನಟ್ಟನಡುವಿನ ತೂತಿಗೇ ಸುರಿದು, ಹಿತ್ತಾಳೆಯ ಮುದ್ರೆ ಒತ್ತಿದರು. ಫ್ಲಾಪಿ ಸುಟ್ಟ ಹಪ್ಪಳದಂತೆ ಮುರುಟಿಕೊಂಡಿತು.

"ಇನ್ನ ನಮ್ಮ ದೊಡ್ಡ ಸಾಹೇಬ್ರು ಬಂದ್ರೂ ಇದಕ್ಕ ಕೈ ಹಚ್ಚಾಕ ಆಗಂಗಿಲ್ಲ" ಎಂದು ಬೆವರು ಒರೆಸಿಕೊಂಡರು. ಸೇಠರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಪಂಚನಾಮೆಯಲ್ಲಿ ಹವಾಲ್ದಾರರು ಮರಾಠಿಯಲ್ಲಿ ಬರೆದರು: "ವಸ್ತು ಸುರಕ್ಷಿತವಾಗಿದೆ." ಅದಕ್ಕೆ ಸಾಕ್ಷಿಯಾಗಿ ನಾನೇ ಮುಂದೆ ಬಂದು ಸಹಿ ಹಾಕಿದೆ.